ಚಹಾಕ್ಕೆ ಇನ್ನೂ ನಲವತ್ತು ನಿಮಿಷ

ನಾಲ್ಕೂವರೆಗೆ ಅಲಾರಂ.
ಡಾರ್ಕಸ್ ಬಜೆಲ್ ಕತ್ತಲಲ್ಲೇ ಕೈಚಾಚಿ
ಮೊದಲನೆಯದನ್ನು ನುಂಗುತ್ತಾಳೆ, ಬರೀ ನೀರಿನಲ್ಲಿ.
ಗಂಟಲಿನ ಗ್ರಂಥಿ ಮಾಡದೆ ಬಿಟ್ಟ ಕೆಲಸಕ್ಕೆ
ಸಾಸಿವೆಗಿಂತ ತುಸು ದೊಡ್ಡ ಬದಲಿ ಆಳು.

ಈಗ ಕಾಯಬೇಕು.
ಚಹಾ ಇಲ್ಲ, ಡಬ್ಬಿಹಾಲಿಲ್ಲ,
ಮೂಳೆಗೆಂದು ಕೊಟ್ಟ ಸುಣ್ಣದ ಗುಳಿಗೆ ಸಂಜೆಗೆ.
ಕೆಟಲ್ ತುಂಬಿಸಿ ಇಡಬಹುದು ಅಷ್ಟೆ,
ಟ್ವಿಲಿಂಗೇಟಿನ ಕೊಲ್ಲಿಯಲ್ಲಿ ಹಿಮಗಡ್ಡೆ
ರಾತ್ರಿ ಎಷ್ಟು ದೂರ ಬಂತೆಂದು ನೋಡಬಹುದು.

ಎರಡನೆಯದು ಆರೂವರೆಗೆ.
ಅದರ ಮರ್ಯಾದೆಯೇ ಬೇರೆ. ಬೀಗ ಹಾಕಿಡಬೇಕು,
ಅಂಗಡಿಯವನು ಎಣಿಸಿ ಕೊಡುತ್ತಾನೆ, ಸಹಿ ಹಾಕಿಸಿಕೊಂಡು.
ಹತ್ತು ಕಡೆ ಹರಿಯುವ ಮನಸ್ಸಿನ ಕೈ ಹಿಡಿದು
ರಸ್ತೆ ದಾಟಿಸುವ ಕೆಲಸ ಅದರದ್ದು.
ಮಧ್ಯಾಹ್ನ ಮೂರಾಯಿತೋ,
ನಡುರಸ್ತೆಯಲ್ಲೇ ಕೈ ಬಿಟ್ಟು ಹೋಗುತ್ತದೆ.

ನಲವತ್ತಾರಕ್ಕೆ, ಒಂದೇ ಚಳಿಗಾಲದಲ್ಲಿ, ಎರಡಕ್ಕೂ ಹೆಸರು ಸಿಕ್ಕಿತು.
ಅಲ್ಲಿಯವರೆಗೆ ಇದ್ದದ್ದು ಒಂದೇ ಹೆಸರು: ಮೈಗಳ್ಳಿ.
ಮಿಸ್ ಹೈನ್ಸ್ ಕಿಟಕಿಗೆ ಬೆನ್ನು ಮಾಡಿ ಕೂರಿಸಿದ್ದಳು;
ಹುಡುಗಿ ಗೋಡೆಯ ಬಣ್ಣ ಎದ್ದ ಕಡೆ
ಯಾವುದೋ ದೇಶದ ನಕಾಶೆ ಕಂಡಳು,
ಅದಕ್ಕೆ ನದಿಗಳನ್ನೂ ಕೊಟ್ಟಳು.
ದೊಡ್ಡವಳಾದ ಮೇಲೆ, ಜುಲೈಯಲ್ಲೂ ಎರಡು ಸ್ವೆಟರ್,
ಉದುರಿದ ಹುಬ್ಬಿನ ಕೊನೆ, ಹಗಲು ನಿದ್ದೆ.
"ಥೇಟು ನಿನ್ನ ಅಪ್ಪನ ಕಡೆಯವರ ಹಾಗೆ"
ಎನ್ನುತ್ತಿದ್ದಳು ಅಮ್ಮ,
ಕೊರಳ ಉಬ್ಬಿನ ಮೇಲೆ ಸ್ಕಾರ್ಫ್ ಸರಿಮಾಡಿಕೊಳ್ಳುತ್ತ.

ಎರಡೂ ಜೊತೆಗೂಡಿದ ಮಾರ್ಚಿಯಲ್ಲಿ
ಎದೆಯೊಳಗೆ ಯಾರೋ ದಡದಡ ಮೆಟ್ಟಿಲಿಳಿದು ಓಡಿದರು.
ಬೆರಳು ಸಣ್ಣಗೆ ನಡುಗಿ
ಅಂಚೆಮನೆಯಲ್ಲಿ ಲಕೋಟೆಗಳ ಅಂಚು ಪಟಪಟ ಅಂದಿತು.
ಇದು ಯಾರ ಓಟ?
ಬೆಳಗಿನ ಜಾವದವನದೋ, ಆರೂವರೆಯವನದೋ?
ಗ್ಯಾಂಡರ್‌ನಿಂದ ಎರಡು ವಾರಕ್ಕೊಮ್ಮೆ ಬರುವ ಡಾಕ್ಟರು
ರಕ್ತ ತೆಗೆಸಿ, ಮೊದಲನೆಯದನ್ನು ಒಂದು ಮೆಟ್ಟಿಲು ಇಳಿಸಿ,
ಆರು ವಾರ ಕಾದು ನೋಡೋಣ ಎಂದರು.
ಕಾಯಲು ಬಾರದು ಎಂಬುದೇ ಕಾಯಿಲೆಯಾದವಳಿಗೆ.
ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿತು:
ಎಂಬತ್ತೆಂಟು. ನೂರ ನಾಲ್ಕು. ತೊಂಬತ್ತು. ಮರೆತೆ. ಎಂಬತ್ತಾರು.

ನನ್ನ ಭಾಷೆಯಲ್ಲಿ ಮಾತ್ರೆಯೆಂದರೆ ಹೊತ್ತಿನ ಅಳತೆಯೂ ಹೌದು,
ಲಘುವಿಗೆ ಒಂದು, ಗುರುವಿಗೆ ಎರಡು,
ತಪ್ಪಿದರೆ ಸಾಲು ಕುಂಟುತ್ತದೆ.
ಡಾರ್ಕಸ್‌ಗೆ ಇದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.
ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು
ಗಡಿಯಾರದ ಮುಳ್ಳು ನೋಡುತ್ತ
ದಿನಾ ಬೆಳಿಗ್ಗೆ ಪ್ರಸ್ತಾರ ಹಾಕುತ್ತಾಳೆ.

ಮೇ ತಿಂಗಳ ಒಂದು ಗುರುವಾರ
ಪತ್ರ ವಿಂಗಡಿಸುವ ಗೂಡುಗಳ ಹಿಂದೆ ಗುಡಿಸುವ ಮನಸ್ಸಾಯಿತು.
ಶುರುಮಾಡಿದ್ದನ್ನು ಮುಗಿಸಿದಳು ಕೂಡ.
(ಸುದ್ದಿ ಇದೇ; ಮುಂದಿನದು ಬರೀ ಕತೆ.)
ಅಲ್ಲಿ ಧೂಳಿನಲ್ಲಿ ಒಂದು ಲಕೋಟೆ, ಹನ್ನೊಂದು ವರ್ಷದ್ದು:
ಎಫ್ರೇಮ್ ವರ್ಜ್, ಗುಡ್ಡದ ದಾರಿ.
ಅವತ್ತು ತಾನು ಯಾವ ನಕಾಶೆಯಲ್ಲಿದ್ದಳೋ.
ಹರಿದು ಒಲೆಗೆ ಹಾಕಬಹುದಿತ್ತು, ಕೇಳುವವರಿರಲಿಲ್ಲ.
ಒಯ್ದು ಕೊಟ್ಟಳು.

ಮುದುಕ ಕನ್ನಡಕ ಹುಡುಕಿ, ಒಡೆದು, ತುಟಿಯಲ್ಲೇ ಓದಿಕೊಂಡ:
ಹಲ್ಲಿನ ಡಾಕ್ಟರರ ಬಳಿ, ಮಂಗಳವಾರ, ಹತ್ತೂಕಾಲಿಗೆ,
ತಪ್ಪದೆ ಬರತಕ್ಕದ್ದು.
"ಆ ಹಲ್ಲು ಈಗಿಲ್ಲ ಮಗಳೇ" ಎಂದು
ಬಾಯಿ ತೆರೆದು ಖಾಲಿ ಜಾಗ ತೋರಿಸಿದ.

ಮೆಟ್ಟಿಲ ಮೇಲೆ ಕೂತು ಇಬ್ಬರೂ
ಹೊಟ್ಟೆ ಹಿಡಿದುಕೊಂಡು ನಕ್ಕರು.
ಅವಳಿಗೆ ಕಣ್ಣಲ್ಲಿ ನೀರು ಬಂತು, ಅದು ನಿಲ್ಲಲು ಸ್ವಲ್ಪ ಹೊತ್ತೇ ಹಿಡಿಯಿತು.
ಅವನು ಕೇಳಲಿಲ್ಲ. ಕೆಟಲ್ ಇಟ್ಟು ಬಂದ.

ಗಡಿಯಾರ ನೋಡಿದಳು: ಹತ್ತೂವರೆ.
"ಹಾಲು" ಎಂದಳು, "ಜಾಸ್ತಿಯೇ ಹಾಕು."