ತಕರಾರು ಪುಸ್ತಕ

ಉದ್ದನ್ನ ರಿಜಿಸ್ಟರು, ಕೆಂಪು ರಟ್ಟು,
ಹಾಳಿಗೆ ಐದು ಖಾನೆ:
ನಂಬರ, ಹೆಸರು, ಓಣಿ, ತಕರಾರು, ಬಗೆಹರಿದ ಹೊತ್ತು.
ಸರಕಾರದ ಹುಕುಂ ಅಂತ ಮಾಲಕ ತಂದಿಟ್ಟ.
ಅಲ್ಲೀತನಕಾ ತಕರಾರು ಅಂದ್ರ
ಅವರು ಬಾಗಿಲಿಗೆ ಬಂದು ಬೈಯೂದು,
ನಮ್ಮ ಹುಡುಗ ಬೈಸಿಕೊಂಡು
ನಿಚ್ಚಣಿಕಿ ಹೆಗಲಿಗಿಡೂದು, ಅಷ್ಟ.

ಈಗ ನಾ ಬರೀತೀನಿ.
ಬನಹಟ್ಟಿ ಸೋಮವಾರ ಪೇಟೆ, ಹಿಟ್ಟಿನ ಗಿರಣಿ ಮ್ಯಾಲ
ಬೆಳ್ಳನ್ನ ಧೂಳ ಕುಂತ ಖೋಲಿ,
ಖಿಡಕಿ ಹೊರಗ ಮನಿಯಿಂದ ಮನಿಗೆ ಕರೀ ವಾಯರು,
ಯಾರೋ ಹಾಸು ಹೂಡಿ
ಹೊಕ್ಕು ಮರತು ಎದ್ದು ಹೋದಂಗ.

ಹದಿನೇಳು. ಈರಪ್ಪ ಕೊಣ್ಣೂರ. ದನಿ ಬರವಲ್ತು.
ಹುಡುಗ ಹೋಗಿ ನೋಡ್ತಾನ, ನಾಕು ಮಗ್ಗ
ಒಮ್ಮೆಲೆ ಖಟಾಖಟಿ ಹೊಡ್ಯಾಕ ಹತ್ತ್ಯಾವ,
ಟೀವಿಯೊಳಗ ಯಾವಳೋ ಸೊಸಿ ಬಾಯಿ ತಗದು ಅಳಾಕತ್ತ್ಯಾಳ,
ಅಳೂದಷ್ಟ ಕಾಣತೈತಿ.
ಅಷ್ಟರಾಗ ಕರೆಂಟು ಹೋತು.
ಮಗ್ಗ ನಿಂತವು, ಸೊಸಿನೂ ಆರಿದಳು.
'ಈಗರ ಕೇಳತೈತೇನ್ರಿ?' ಅಂದ ಹುಡುಗ, ಚಾಷ್ಟಿಗೆ.
'ಈಗ ಎಲ್ಲಾ ಕೇಳಾಕತ್ತೈತಿ' ಅಂದ ಈರಪ್ಪ,
ಗ್ವಾಡಿಗೆ ಬೆನ್ನು ಕೊಟ್ಟು ಕುಂತ.
ಬಗೆಹರಿದ ಹೊತ್ತು: ನಾಕೂ ಹತ್ತು.

ಆಮ್ಯಾಲ ಹೊಸಾ ರೇಟು ಬಂತು, ಫಾರ್ಮು ಬಂತು,
ಬದನಿಕಾಯಿ ಆರಿಸಿದಂಗ ಆರಿಸ್ರಿ,
ಬೇಕಾದ್ದಕ್ಕಷ್ಟ ರೊಕ್ಕ ಕೊಡ್ರಿ ಅಂತ.
ಮಂದಿ ಆರಿಸಿದರು. ಕೂಡಿಸಿ ನೋಡಿದರು.
ಮದಲ ಇನ್ನೂರಕ್ಕ ಎಲ್ಲಾ ಬರತಿತ್ತು,
ಈಗ ಅರ್ಧಾ ಬಿಟ್ಟು ಇನ್ನೂರಾ ಎಂಬತ್ತು.
'ಆರಿಸಿದ್ದಕ್ಕ ದಂಡೇನ ಯವ್ವಾ?'
ಫೋನಿನ್ಯಾಗ ಒಬ್ಬಾತ ನಗತಿದ್ದ, ಬೈದಿದ್ರ ಚೊಲೊ ಇತ್ತು.

ರುಕ್ಮವ್ವ ಮಾಚಕನೂರ:
'ಒಂದು ಧಾರಾವಾಹಿ ಸಲುವಾಗಿ ಒಂಬತ್ತು ಚಾನೆಲ್ಲು ಹೊರಬೇಕಂತ.
ಸೀರಿ ತಗೊಂಡ್ರ ಅಂಗಡ್ಯಾವರು
ಕಪಾಟಾನೂ ಹೊರಸಿ ಕಳಸ್ತಾರೇನ?'
ಬರಕೊಂಡೆ, ಅಕಿ ಅಂದಂಗ, ಕಪಾಟ ಸೈತ.

ಕಸ್ತೂರಬಾಯಿ ಢವಳೇಶ್ವರಗ ಮರಾಠಿ ಸುದ್ದಿ ಬೇಕು,
ಸುದ್ದಿ ಅಲ್ಲ, ಸುದ್ದಿ ಮುಗದ ಮ್ಯಾಲ ತೋರಸೂ ನಕಾಶೆ.
ಇಚಲಕರಂಜಿ ಮ್ಯಾಲ ಮಾಡ ಐತಿಲ್ಲೋ ನೋಡತಾಳ,
ತವರೊಳಗ ಅರಬಿ ಒಣಾ ಹಾಕಿರತಾರ ಅಂತ.
ಅದಕ್ಕೊಂದು ಬ್ಯಾರೆ ರೇಟು. ಕೊಟ್ಟಳು.

ಗುರುಪಾದಪ್ಪ ಹಟಗಾರ ಫೋನು ಮಾಡಲಿಲ್ಲ,
ಪಾಯರಿ ಹತ್ತಿ ತಾನ ಬಂದ.
ಗ್ವಾಡಿ ಮ್ಯಾಲಿನ ರೇಟಿನ ಪಟ್ಟಿ
ಬಟ್ಟಿಡಕೋತ ಓದಿದ, ತೇಗುತ್ತ.
'ಇದಕ್ಕಿಂತಾ ಹೆಚ್ಚು ತಗೋಬಾರದಂತ ಬರದೈತಲಾ, ಯಾರು ಬರದದ್ದು?'
'ದಿಲ್ಲಿಯವರು, ಕಾಕಾ.'
'ಮೀರಿದ್ರ?'
'ತಕರಾರು ಕೊಡಬಹುದು.'
'ಯಾರಿಗೆ?'
'ಇಲ್ಲೇ. ನನಗ.'
'ಹಂಗಾರ ಬರಕೋ.
ಸೀರಿಗೆ ಮಜೂರಿ ತೊಂಬತ್ತು.
ಮೂರು ವರ್ಷ ಆತು, ನಾಕಾಣೆ ಏರಿಲ್ಲ.
ಇದಕ್ಕಿಂತಾ ಕಡಿಮಿ ಕೊಡಬಾರದು ಅಂತ
ಒಂದು ಪಟ್ಟಿ ನಮ್ಮ ಸಾಹುಕಾರನ ಗ್ವಾಡಿಗೂ ಹಚ್ಚರಿ.'
'ಇದು ಕೇಬಲಿಂದಲ್ಲಲ್ರಿ ಕಾಕಾ…'
'ಯಾಕಲ್ಲ? ಇದ ಮಜೂರಿಯೊಳಗ ನಿನ್ನ ಬಿಲ್ಲು ಕಟ್ಟತೀನಲಾ.'

ಪೆನ್ನು ನಡೀಲಿಲ್ಲ. ಝಾಡಿಸಿದೆ. ನಡೀತು.
ಇನ್ನೂರಾ ಹನ್ನೆರಡು.
ಅಂಗೈ ಚಾಚಿ ಚೀಟಿ ಇಸಗೊಂಡ,
ಅಂಗಿ ಕಿಸೆಕ ಅಲ್ಲ, ಒಳಗಿನ ಬನಿಯನ್ನಿನ ಕಿಸೆಕ ಇಟ್ಟ.

ಮಾರ್ಚಿನ್ಯಾಗ ಒಬ್ಬ ಸಾಹೇಬ ಬಂದ, ತಪಾಸಣಿಗೆ.
ಬಟ್ಟಿಗೆ ಉಗುಳು ಹಚ್ಚಿ ಹಾಳಿ ತಿರವಿದ,
ಎಲ್ಲಾ ಖಾನೆ ತುಂಬ್ಯಾವ, ಒಂದು ಬಿಟ್ಟು.
'ಇದ್ಯಾಕ ಖಾಲಿ?'
ನಾ ಸುಮ್ಮನಿದ್ದೆ. ಕೆಳಗ ಗಿರಣಿ ಶುರು ಆತು,
ನೆಲ ನಡಗತಿತ್ತು.
ಅಂವ ಓದಿದ. ಇನ್ನೊಮ್ಮೆ ಓದಿದ.
ಚಾ ಕುಡದ. ಸಹಿ ಹಾಕಿದ.
ಏಳೂ ಮುಂದ ದನಿ ಸಣ್ಣದು ಮಾಡಿ ಕೇಳಿದ:
'ಇಲ್ಲೆ ನೇಕಾರರ ಕಡೇನ ತಗೊಂಡ್ರ
ಸೀರಿ ಒಂಚೂರು ಸೋವಿಗೆ ಸಿಗತಾವಂತ, ಖರೇನ?
ಯಾರದರ ನಂಬರ ಕೊಡ್ತೀಯೇನವ್ವಾ?'

ಕೊಟ್ಟೆ.
ಇನ್ನೂರಾ ಹನ್ನೆರಡು.