ಕಾಗದದ ಮ್ಯಾಲಷ್ಟ

ಸೋಲಾಪುರದಾಗ ದಿವಾಳಿ ಅಂದ್ರ ಹಬ್ಬ.
ಓಣಿಯ ಮರಾಠಿ ಮಂದಿ ನಕ್ಕೋತ ಬಂದು
'ಶುಭ ದಿವಾಳಿ' ಅಂದಾಗೆಲ್ಲ
ಮೈಂದರ್ಗಿಯ ಈ ಕಿವಿಗೆ
ಬ್ಯಾರೆ ಏನೋ ಕೇಳತಿತ್ತು.

ಈ ವರ್ಷ ಎರಡೂ ಒಂದಽ ವಾರ ಬಂದವು.
ಮ್ಯಾಲ ಆಕಾಶಬುಟ್ಟಿ ತೂಗಾಡತಿತ್ತು,
ಕೆಳಗ ಕಾರ್ಖಾನೆಯ ಶಟರಿಗೆ
ಬ್ಯಾಂಕಿನವರು ನೋಟೀಸು ಹಚ್ಚಿ ಹೋದರು.
ಗೋಂದು ಇನ್ನೂ ಹಸಿ.
ಒಳಗ ಹನ್ನೆರಡು ಮಗ್ಗ, ಒಂದೂ ಮಾತಾಡಲಿಲ್ಲ.
ಅರ್ಧ ನೇಯ್ದ ಟವೆಲ್ಲು
ದಾರದಾಗಽ ನಿಂತಿತ್ತು.

ರಾತ್ರಿ, ಕಡಕ್ ರೊಟ್ಟಿ ಮುರಕೋತ ಅವರಂದರು:
'ಮನಿ ನಿನ್ನ ಹೆಸರಿಗೆ ಮಾಡತೀನಿ.
ಆಮ್ಯಾಲ ಸೋಡಚೀಟಿ ತಗೊಳ್ಳೋಣು.
ಹೆದರಬ್ಯಾಡ.
ಕಾಗದದ ಮ್ಯಾಲಷ್ಟ.'

ಈ ಮಾತು ಹಿಂದೂ ಕೇಳೀನಿ.
ನಲವತ್ತು ಲಕ್ಷಕ್ಕ ಜಾಮೀನು ಹಾಕಿಸಿದಾಗ.
ಐದು ಖಾಲಿ ಚೆಕ್ಕಿಗೆ ಸಹಿ ಕೇಳಿದಾಗ.
ಅದಕ್ಕೂ ಮದಲು, ಮದಿವಿಯ ದಿನ,
ಅಕ್ಕಿ ಹರವಿದ ತಾಟಿನಾಗ ಉಂಗುರ ಹಿಡಿದು
ಬೋರವ್ವನ್ನ ಮಾನಸಿ ಮಾಡಿದಾಗ.
ಅದಂತೂ ಕಾಗದಾನೂ ಅಲ್ಲ.
ಸಂಜೀಕ ಆ ಅಕ್ಕಿ ಅನ್ನ ಆಗಿತ್ತು.

ಯೆಮುಲ್ ವಕೀಲಬಾಯಿಯ ಆಫೀಸು
ಝೆರಾಕ್ಸ್ ಅಂಗಡಿಯ ಮ್ಯಾಲ.
ಆಕಿ ತೆಲುಗು, ನಾ ಕನ್ನಡ, ಕಾಯ್ದೆ ಇಂಗ್ಲಿಷು,
ಮಾತು ಮರಾಠ್ಯಾಗ ನಡೀತು.
'ಈಗ ಅಂವ ಕೊಡೋದು ಮುಟ್ಟಬ್ಯಾಡ.
ಕೋರ್ಟು ಹೊಳ್ಳಿ ಹಿಂದಕ್ಕ ನೋಡತದ.
ಮುಳುಗೋ ಮುಂದ ಹೆಂಡತಿ ಹೆಸರಿಗೆ ಮಾಡಿದ್ದು
ಸಾಲ ಕೊಟ್ಟವರ ಕಣ್ಣಾಗ ಕಳವಿನ ಮಾಲು.
ನಿಂದು ಏನದ, ಅದನ್ನ ಹಿಡಕೋ.
ತವರಿನ ಬಂಗಾರದ್ದು ಪಾವತಿ ಅದಾವೇನು?'

ಪಾವತಿ!
ಅವ್ವ ಉಡಿ ತುಂಬಿದ್ದಳು,
ಪಾವತಿ ಹರದು ಕೊಡಲಿಲ್ಲ.
ಮದಿವಿ ಫೋಟೋ ಒಯ್ದು ತೋರಿಸಿದೆ.
ಕೊರಳಾಗ ಬೋರಮಾಳ, ಪುತಳಿ ಸರ,
ಎಡಗೈಗೆ ತೋಳಬಂದಿ.
ಬಲಗೈ ಅತ್ತಿಗಿಯ ಸೆರಗಿನ ಹಿಂದ.
'ಕಾಣೋದಷ್ಟು ಬರಿ,' ಅಂದಳು.
ಬರದೆ: ತೋಳಬಂದಿ, ಒಂದು.

'ಜಾಮೀನಿನಾಗ ಇರಾಕಿ ಮಾನಸಿ.
ನಾ ಬೋರವ್ವ ಅಂದ್ರ?'
ಆಕಿ ನಕ್ಕು ಚಾ ತರಿಸಿದಳು.
'ಹೆಸರು ಬದಲಾದ್ರ ಹೆಬ್ಬಟ್ಟು ಬದಲಾಗತದೇನು?
ಆದ ಸಾಲಕ್ಕ ನೀನೂ ಹೊಣಿ.
ಮುಂದ ಆಗೋದಕ್ಕ ಇವತ್ತಽ ಬಾಗಲಾ ಹಾಕು.
ಬ್ಯಾಂಕಿಗೆ ಬರದು ಕೊಡು, ಪೋಚಪಾವತಿ ಬಿಡಬ್ಯಾಡ.'

ಬರದು ಕೊಟ್ಟೆ.
ಜಂಟಿ ಖಾತೆಯಾಗಿಂದ
ಇಬ್ಬರ ಸಹಿ ಇಲ್ಲದ ರೂಪಾಯಿ ಹೊರಬೀಳಬಾರದು.
ಅವರ ಡ್ರಾವರಿನಾಗ ಮೂರು ಚೆಕ್ಕು ಸಿಕ್ಕವು, ಹರದೆ.
ಎರಡು, ತಡೀರಿ ಅಂತ ಅರ್ಜಿ ಕೊಟ್ಟರೂ,
ಪೇಟಿಯಾಗ ಎಲ್ಲೋ
ನನ್ನ ಹೆಸರು ಹೊತ್ತು ತಿರಗತಾವ.

'ಸೋಡಚೀಟಿಗೆ ಅರ್ಜಿ ಹಾಕೀನಿ,' ಅಂದೆ.
'ಮನಿ?'
'ಬ್ಯಾಡ.'
'ಹಂಗಾದ್ರ ಯಾತಕ್ಕ?'
ಮ್ಯಾಲ ನೋಡಿದರು. ಇಡೀ ವರ್ಷದಾಗ
ನನ್ನ ಮಾರಿ ನೋಡಿದ್ದು ಅದಽ ಇರಬೇಕು.
'ಕಾಗದದ ಮ್ಯಾಲಷ್ಟ ಅಲ್ಲೇನು?'
ನಾ ಸುಮ್ಮನ ಕೂತೆ.
ಇಪ್ಪತ್ತೊಂದು ವರ್ಷದ ರೂಢಿ ನೋಡ್ರಿ,
ಅವರ ಕೈ ತಾನಽ ಶೇಂಗಾ ಹಿಂಡಿ ನನ್ನ ತಾಟಿಗೆ ಸರಿಸ್ತು.
ತಿಂದೆ. ಖಾರ ಜಾಸ್ತಿ ಇತ್ತು.

ನಿನ್ನೆ ಪೋಸ್ಟಾಫೀಸಿಗೆ ಹೋಗಿದ್ದೆ,
ಟವೆಲ್ಲಿನ ಅಂಚು ಹೊಲಿದ ಐದುನೂರು ಕಟಗೊಂಡು.
ಫಾರ್ಮಿನ ಮ್ಯಾಲ ಮೂರು ಕಡೆ ಸಹಿ.
ಕೈ ಮೊದಲು 'ಮಾ' ಕಡೆ ಹೊಂಟಿತ್ತು, ತಡದೆ.
ಮೈಂದರ್ಗಿ ಕನ್ನಡ ಶಾಳೆಯ ಪಾಟಿಯಿಂದ
ಒಂದು 'ಬೋ' ಡೊಂಕಾಗಿ ಇಳೀತು.
'ಹೆಸರು ಮಾನಸಿ, ಸಹಿ ಬ್ಯಾರೆ?' ಅಂದ ಕ್ಲಾರ್ಕ.
'ಸಹಿ ನಂದು,' ಅಂದೆ.
ಚಸ್ಮಾ ಏರಿಸಿ ಮೂರನ್ನೂ ನೋಡಿದ.
'ಒಂದಕ್ಕೊಂದು ಕೂಡವಲ್ದು, ಬಾಯಿ.
ಮತ್ತೊಂದು ಫಾರ್ಮು ತಗೊಳ್ರಿ.'

ತಗೊಂಡೆ.