ಕಾಯುವುದು

ಫಲಕ ಆಮೇಲೆ ಬರೆಯುವಿಯಂತೆ, ಕತ್ರಿನೆಲ್,
ಮೊದಲು ಈ ಬಕೆಟ್ಟು ಹಿಡಿ.
ಹಿಡಿಕೆ ಮುರಿದಿದೆ, ತಂತಿ ಸುತ್ತಿದ್ದೇನೆ,
ಬೆರಳು ಕೊಯ್ದೀತು, ಜೋಕೆ.
ಹತ್ತೊಂಬತ್ತು ವರ್ಷದಲ್ಲಿ ಕಲಿತದ್ದರಲ್ಲಿ ಅರ್ಧ ಇಷ್ಟೇ.

ಲಾರಿಗಳು ನಡುಮಧ್ಯಾಹ್ನ ಬರುತ್ತವೆ. ಮೂರಂತಸ್ತು.
ಮೇಲಿನ ಕುರಿಯ ಉಚ್ಚೆ ಕೆಳಗಿನ ಕುರಿಯ ಕಣ್ಣಿಗೆ.
ಅಲ್ಲಿ ಹಡಗು ಕಾಯುತ್ತದೆ,
ಜುಲೈಯಲ್ಲಿ ಅದರ ತಗಡೂ ಕಾಯುತ್ತದೆ.
ಕಪ್ಪು ಸಮುದ್ರ ಕಣ್ಣು ಕುಕ್ಕುವಷ್ಟು ಬೆಳ್ಳಗೆ.

ನನ್ನಜ್ಜನೂ ಕುರಿ ಕಾದವನೇ, ಬುಕೊವಿನಾದ ಬೆಟ್ಟದಲ್ಲಿ.
ಈಸ್ಟರ್‌ಗೊಂದು ಮರಿ ಕೊಯ್ಯುತ್ತಿದ್ದವನೂ ಅವನೇ.
ಕೊಲೆಗಾರ ಅಂದೆ, ಎಲ್ಲರೂ ಊಟಕ್ಕೆ ಕೂತಿದ್ದಾಗ.
ಅವನು ಚಮಚ ಕೆಳಗಿಟ್ಟ.
ಮುಂದಿನ ಈಸ್ಟರ್‌ಗೆ ನಾನು ಹೋಗಲಿಲ್ಲ,
ಅದರ ಮುಂದಿನದಕ್ಕೆ ಅವನಿರಲಿಲ್ಲ.
ಆ ಮಾತಿನಿಂದ ಒಂದು ಮರಿಯೂ ಉಳಿಯಲಿಲ್ಲ.

ಆಮೇಲಿನವು ಕೂಗಿದ ವರ್ಷಗಳು.
ಚಾಲಕರು ಗಾಜು ಏರಿಸಿ ರೇಡಿಯೋ ಜೋರು ಮಾಡುತ್ತಿದ್ದರು,
ಒಳಗೆ ಕುರಿಗಳು ಹೆದರಿ ಒಂದರ ಮೇಲೊಂದು ಬೀಳುತ್ತಿದ್ದವು.
ನಮಗೆ ಹೆದರಿ.
ಇದನ್ನು ಒಪ್ಪಿಕೊಳ್ಳಲು ನನಗೆ ನಾಲ್ಕು ವರ್ಷ ಹಿಡಿಯಿತು.

ಒಂದು ಸಂಜೆ ಗವ್ರಿಲ್ ಎಂಬ ಚಾಲಕ ಕೆಳಗಿಳಿದು
'ನಿನ್ನ ಪೈಪು ಎಷ್ಟುದ್ದ?' ಅಂತ ಕೇಳಿದ.
ಬೈಗುಳಕ್ಕಷ್ಟೇ ಪಳಗಿದ್ದ ಬಾಯಿ, ಉತ್ತರ ಹೊರಡಲಿಲ್ಲ.
ಇಬ್ಬರೂ ಸೇರಿ ನೀರು ಬಿಟ್ಟೆವು, ಕೆಳಗಿನ ಅಂತಸ್ತಿಗೆ ಮೊದಲು.
ಆಮೇಲೆ ಅವನು ಎಲ್ಲವನ್ನೂ ಹಡಗಿಗೆ ಹತ್ತಿಸಿದ.
ಹತ್ತಿಸಿದ, ಹೌದು.
ಅವನು ಎಂಥವನೆಂದು ಇನ್ನೂ ತೀರ್ಮಾನಿಸಿಲ್ಲ ನಾನು.
ಪೈಪು ಮಾತ್ರ ಉದ್ದದ್ದು ಕೊಂಡೆ.

ಬರೆದಿಡು: ಗಂಟೆ, ಲಾರಿ ನಂಬರು, ಎಷ್ಟು ಡಿಗ್ರಿ.
ಅಳುತ್ತಾ ಬರೆದದ್ದನ್ನು ಆಮೇಲೆ ಯಾರೂ ಓದಲಾರರು, ನೀನೂ.
ಒಂಬತ್ತು ಪುಸ್ತಕ ತುಂಬಿವೆ ನನ್ನವು,
ಅದರಲ್ಲೊಂದು ಪುಟವನ್ನು ನ್ಯಾಯಾಧೀಶರು ಗಟ್ಟಿಯಾಗಿ ಓದಿದರು.
ಹಡಗು ಎರಡು ದಿನ ನಿಂತಿತು.
ಗೆದ್ದೆವೆಂದು ಕೇಕು ತಿಂದೆವು.
ಆ ಎರಡು ದಿನವೂ ಕುರಿಗಳು ಲಾರಿಯಲ್ಲೇ ಇದ್ದವು.

ಏನು ಬಂತು ಇದರಿಂದ ಅಂತ ಕೇಳುತ್ತೀಯ.
ಕೇಳು, ಕೇಳಬೇಕು,
ಬಕೆಟ್ಟು ತುಂಬಿಸುತ್ತಲೇ ಕೇಳು.

ಅಗೋ, ಮೊದಲನೆಯದು ತಿರುವಿನಲ್ಲಿ.
ಕಂಬಿಯ ಸಂದಿಯಿಂದ ಒಂದು ಮೂತಿ ಹೊರಬಂದು
ನಿನ್ನ ಮಣಿಕಟ್ಟು ನೆಕ್ಕುತ್ತದೆ. ಬೆವರಿನ ಉಪ್ಪಿಗೆ.
ಪ್ರೀತಿ ಅಂದುಕೊಳ್ಳಬೇಡ.
ಕೈ ಹಿಂದಕ್ಕೂ ಎಳೆದುಕೊಳ್ಳಬೇಡ.